ಅಕ್ಕನ ಮದುವೆಯ ಸಿಡಿ

“ಹಿಡ್ಕೋ!” ಎಂದು ಏಣಿಯ ಮೇಲಿಂದ ಅಮ್ಮ ಕೂಗುವಷ್ಟರಲ್ಲಿ ಪರದೆ ಮೀನೂಳ ತಲೆಯ ಮೇಲೆ ಬಿದ್ದಾಗಿತ್ತು. ಇಡೀ ವರ್ಷದ ಧೂಳು ಮೂಗಿಗೆ ಹೊಕ್ಕು ಅವಳು ಒಂದರ ಹಿಂದೆ ಒಂದು ಸೀನಿದಳು.

“ಕಣ್ಣು ಎಲ್ಲಿಟ್ಕೊಂಡಿದ್ದೆ?”

“ಪರದೆ ಒಳಗೇ ಇದೆ, ಅಮ್ಮ.”

“ಮಾತಿಗೇನೂ ಕಮ್ಮಿಯಿಲ್ಲ. ಹೋಗು, ಉಗ್ರಾಣದ ಕೆಳಗಿನ ಹಲಗೆ ಖಾಲಿ ಮಾಡು. ಒಂದೊಂದು ಜಾಡೀನೂ ಒರೆಸಿಡು. ಒಂದು ಚೂರು ಕೊಳೆ ಕೂಡ ಹೊಸ ವರ್ಷಕ್ಕೆ ದಾಟಬಾರದು, ಗೊತ್ತಾಯ್ತಾ?”

ಹೊಸ ವರ್ಷದ ಹಬ್ಬ ನೌರೋಜ್ ಹತ್ತಿರ ಬಂತೆಂದರೆ ಸಾವೆ ಊರಿನ ಅಮ್ಮಂದಿರಿಗೆಲ್ಲ ಮೈಮೇಲೆ ಏನೋ ಬಂದಹಾಗೆ ಆಗುತ್ತದೆ. ರತ್ನಗಂಬಳಿಗಳು ತಾರಸಿ ಹತ್ತುತ್ತವೆ, ಪಾತ್ರೆಗಳು ಅಂಗಳಕ್ಕೆ ಇಳಿಯುತ್ತವೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ನಮ್ಮನ್ನೂ ಉಜ್ಜಿ ತೊಳೆದು ಹಗ್ಗಕ್ಕೆ ನೇತುಹಾಕುತ್ತಾರೇನೋ ಎಂದು ಮಕ್ಕಳಿಗೆ ಹೆದರಿಕೆ. ಮೀನೂ ಬಟ್ಟೆ ಒದ್ದೆ ಮಾಡಿಕೊಂಡು ಉಗ್ರಾಣಕ್ಕೆ ಹೋದಳು.

ಉಪ್ಪಿನಕಾಯಿ ಜಾಡಿ, ಒಣ ನಿಂಬೆಯ ಡಬ್ಬ, ಅಡುಗೆಗೆ ಹಾಕುವ ದಾಳಿಂಬೆ ಪಾಕದ ಜಾಡಿಗಳು. ಕೊನೆಯ ಜಾಡಿ ಎತ್ತಿದಾಗ ಅದರ ಹಿಂದೆ ಗೋಡೆಗೆ ಒರಗಿಕೊಂಡು ಏನೋ ಚಪ್ಪಟೆಯಾದದ್ದು ಹಲಗೆಗೆ ಅಂಟಿಕೊಂಡಿತ್ತು. ಮೀನೂ ಮೆಲ್ಲಗೆ ಎಳೆದಳು. ಅದೊಂದು ಸಿಡಿ.

ಒಂದು ಬದಿಯಲ್ಲಿ ಚಿನ್ನದ ಅಕ್ಷರಗಳಲ್ಲಿ ‘ನಸ್ತರನ್ – ಬೆಹ್ರೂಜ್’ ಎಂದಿತ್ತು. ಹೊಳೆಯಬೇಕಾದ ಇನ್ನೊಂದು ಬದಿಯಲ್ಲಿ ಹೊಳಪೇ ಇರಲಿಲ್ಲ. ದಾಳಿಂಬೆ ಪಾಕ ಕಪ್ಪಗೆ ಒಣಗಿ, ಅದಕ್ಕೆ ಧೂಳು ಮೆತ್ತಿ, ಒಂದೆರಡು ಇರುವೆಗಳೂ ಅಲ್ಲೇ ಸತ್ತು ಅಂಟಿದ್ದವು.

ಅಕ್ಕನ ಮದುವೆಯ ಸಿಡಿ!

ನಸ್ತರನ್ ಅಕ್ಕ ಮದುವೆಯಾಗಿ ಅರಾಕ್ ಊರಿಗೆ, ಗಂಡನ ಮನೆಗೆ ಹೋದವಳು, ಚಳಿ ಶುರುವಾಗುವ ಹೊತ್ತಿಗೆ ಒಂದು ಸೂಟ್‌ಕೇಸ್ ಹಿಡಿದು ಮನೆಗೆ ಬಂದಿದ್ದಳು. “ಬೆಹ್ರೂಜ್ ದಕ್ಷಿಣದ ಕಡೆ ಗ್ಯಾಸ್ ಕಂಪನಿ ಕೆಲಸಕ್ಕೆ ಹೋಗಿದ್ದಾನೆ. ಅವನು ಬರೋವರೆಗೆ ಅಕ್ಕ ಇಲ್ಲೇ ಇರ್ತಾಳೆ” ಎಂದು ಅಪ್ಪ ಹೇಳಿದ್ದ. ಮೀನೂ ಕುಣಿದಾಡಿದ್ದಳು. ಆದರೆ ಬಂದವಳು ಮೊದಲಿನ ಅಕ್ಕನೇ ಆಗಿರಲಿಲ್ಲ. ಮೊದಲಿನ ಅಕ್ಕ ಟೀಚರ್‌ಗಳ ದನಿ ಅಣಕಿಸಿ ಹೊಟ್ಟೆ ನೋಯುವ ಹಾಗೆ ನಗಿಸುತ್ತಿದ್ದಳು. ಈ ಅಕ್ಕ ಕಿಟಕಿಯ ಹತ್ತಿರ ಕೂತರೆ ಕೂತಲ್ಲೇ. ಏನು ಕೇಳಿದರೂ “ಆಮೇಲೆ, ಮೀನೂ ಜಾನ್” ಎನ್ನುತ್ತಿದ್ದಳು. ಆ ಆಮೇಲೆ ಬರುತ್ತಲೇ ಇರಲಿಲ್ಲ.

ಚಳಿಗಾಲದಲ್ಲಿ ಒಮ್ಮೆ ಮೀನೂ, “ಅಕ್ಕನ ಮದುವೆ ಫಿಲಂ ನೋಡೋಣ್ವಾ?” ಎಂದು ಕೇಳಿದ್ದಳು. ಅಮ್ಮ ತಟ್ಟನೆ, “ಎಲ್ಲೋ ಕಳೆದುಹೋಗಿದೆ, ಸುಮ್ನಿರು” ಎಂದಿದ್ದಳು. ಸ್ಟುಡಿಯೋದವನು ಕೊಟ್ಟಿದ್ದು ಅದೊಂದೇ ಸಿಡಿ.

ಈಗ ಮೀನೂಗೆ ಎಲ್ಲವೂ ಅರ್ಥವಾಯಿತು. ಅಥವಾ ಅರ್ಥವಾಯಿತು ಎಂದುಕೊಂಡಳು. ಭಾವ ದೂರದಲ್ಲಿದ್ದಾನೆ, ನೋಡೋಣ ಎಂದರೆ ಮದುವೆಯ ಸಿಡಿಯೂ ಇಲ್ಲ. ಅಕ್ಕ ಮಂಕಾಗಿ ಕೂರದೆ ಇನ್ನೇನು ಮಾಡುತ್ತಾಳೆ? ಇದನ್ನು ತೊಳೆದು ಮತ್ತೆ ಓಡುವ ಹಾಗೆ ಮಾಡಿದರೆ ಅಕ್ಕ ನಕ್ಕೇ ನಗುತ್ತಾಳೆ. ಮೀನೂಗೆ ಹೊಸ ಬಟ್ಟೆ ಬೇಡ, ಹೊಸ ಶೂ ಬೇಡ. ಅಕ್ಕ ಒಂದು ಸಲ ಮೊದಲಿನ ಹಾಗೆ ನಕ್ಕರೆ ಸಾಕಿತ್ತು.

ಅವಳು ಸಿಡಿಯನ್ನು ಸ್ವೆಟರಿನೊಳಗೆ ಬಚ್ಚಿಟ್ಟುಕೊಂಡಳು.

ಮರುದಿನ ಶಾಲೆಯಲ್ಲಿ ಗೆಳತಿ ಎಲ್ಹಾಮ್‌ಗೆ ಗುಟ್ಟು ಹೇಳಿದಳು. ಎಲ್ಹಾಮ್ ಪಕ್ಕದ ಮನೆಯವಳು. ಅವಳಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲಿರಲಿಲ್ಲ, ಅವಳ ಪ್ರಕಾರ.

“ಅಷ್ಟೇನಾ? ನೇಲ್ ಪಾಲಿಶ್ ತೆಗೆಯೋ ರಿಮೂವರ್ ಹಾಕೇ. ಎಂಥ ಕೊಳೆ ಇದ್ರೂ ಮಾಯ!”

“ಸಿಡಿ ಹಾಳಾದ್ರೆ?”

“ನೀನು ಹೆದರುಪುಕ್ಕಲಿ. ನಿನ್ನ ಕೈಲಿ ಆಗಲ್ಲ ಬಿಡು.”

ಮೀನೂ ಹೆದರುಪುಕ್ಕಲಿಯೇ. ಹಾಗಾಗಿ ಅಕ್ಕನ ಸಿಡಿ ಉಳಿಯಿತು. ಅವಳು ಮೊದಲು ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಹಳೆಯ ಸಿಡಿಯ ಮೇಲೆ ರಿಮೂವರ್ ಹಾಕಿ ನೋಡಿದಳು. ಹೊಳಪಿನ ಬದಿ ನೋಡನೋಡುತ್ತಲೇ ಬೆಳ್ಳಗೆ ಮಂಜು ಕವಿದ ಹಾಗಾಗಿ, ಕೈಗೆ ಅಂಟಂಟಾಯಿತು. ಎಷ್ಟು ಒರೆಸಿದರೂ ಆ ಬಿಳುಪು ಹೋಗಲೇ ಇಲ್ಲ.

ಕೊನೆಗೆ ಅವಳು ಕಂಪ್ಯೂಟರ್ ಟೀಚರ್ ಹತ್ತಿರ ಹೋದಳು.

“ಖಾನುಮ್, ಸಿಡಿ ಮೇಲೆ ದಾಳಿಂಬೆ ಪಾಕ ಚೆಲ್ಲಿದ್ರೆ ಏನ್ಮಾಡ್ಬೇಕು?”

ಟೀಚರ್‌ಗೆ ನಗು ಬಂತು. “ಸಿಡಿಗೆ ಯಾರೇ ಪಾಕ ಹಾಕಿದ್ದು? ಅದೇನು ಕೋಳಿ ಪಲ್ಯಾನಾ?” ಎಂದರು. ಆಮೇಲೆ ಹುಡುಗಿಯ ಮುಖ ನೋಡಿ ನಗು ನಿಲ್ಲಿಸಿದರು. ಮೇಜಿನ ಮೇಲಿದ್ದ ಒಂದು ಸಿಡಿಯನ್ನು ಅಂಚಿನಲ್ಲಿ ಹಿಡಿದು ತೋರಿಸಿದರು.

“ನೋಡು, ಹೀಗೆ ಹಿಡೀಬೇಕು. ಹೊಳೆಯೋ ಕಡೆ ಬೆರಳು ತಾಗಬಾರದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಸೋಪು ಒಂದೇ ಹನಿ ಹಾಕು. ಅದರಲ್ಲಿ ಸ್ವಲ್ಪ ಹೊತ್ತು ನೆನೆಯಲಿ, ಪಾಕ ತಾನಾಗೇ ಬಿಡುತ್ತೆ. ಕೆರೀಬೇಡ. ಆಮೇಲೆ ಮೆತ್ತನೆ ಹತ್ತಿ ಬಟ್ಟೇಲಿ ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸು. ತಟ್ಟೆ ಒರೆಸೋ ಹಾಗೆ ಗುಂಡಗೆ ಮಾತ್ರ ಒರೆಸಬೇಡ.”

“ಯಾಕೆ ಖಾನುಮ್?”

“ಒಳಗೆ ಬರೆದಿರೋದೆಲ್ಲ ಸುತ್ತಿ ಸುತ್ತಿ ಗುಂಡಗೇ ಇರುತ್ತೆ. ಓದೋ ಬೆಳಕೂ ಹಾಗೇ ಸುತ್ತಿಕೊಂಡು ಹೋಗುತ್ತೆ. ಅಡ್ಡಕ್ಕೆ ಒಂದು ಗೀರು ಬಿದ್ರೆ ಹೇಗೋ ದಾಟಿಬಿಡುತ್ತೆ. ದಾರಿ ಉದ್ದಕ್ಕೂ ಗೀರಿದ್ರೆ ಎಲ್ಲಿಗೆ ಹೋಗೋದು ಪಾಪ? ಹೆಸರು ಬರೆದಿರೋ ಕಡೆಯಂತೂ ಇನ್ನೂ ಹುಷಾರು. ಬರೆದದ್ದೆಲ್ಲ ಆ ಪದರದ ಕೆಳಗೇ ಇರೋದು. ಕೆರೆದ್ರೆ ಕಿತ್ತೇ ಹೋಗುತ್ತೆ. ಪೂರ್ತಿ ಒಣಗೋವರೆಗೂ ಕಂಪ್ಯೂಟರ್‌ಗೆ ಹಾಕಬೇಡ, ಬಿಸಿಲಲ್ಲೂ ಇಡಬೇಡ.”

ಮೀನೂ ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದಳು.

ಅಮ್ಮ ತಾರಸಿಯಲ್ಲಿ ರತ್ನಗಂಬಳಿ ಬಡಿಯುತ್ತಿದ್ದಾಗ ಮೀನೂ ಬಚ್ಚಲಿನ ಬಾಗಿಲು ಹಾಕಿಕೊಂಡಳು. ಬೋಗುಣಿಯ ನೀರಿಗೆ ಸಿಡಿ ಇಳಿಸಿದಳು. ಸ್ವಲ್ಪ ಹೊತ್ತಿಗೆ ನೀರು ನಸುಗೆಂಪಾಯಿತು. ಇರುವೆಗಳು ಬಿಟ್ಟುಕೊಂಡು ಮೇಲೆ ತೇಲಿದವು. ಅವಳು ನೀರು ಬದಲಿಸಿದಳು, ಮತ್ತೆ ನೆನೆಸಿದಳು, ತನ್ನ ಹಳೆಯ ಹತ್ತಿ ಬನಿಯನ್ ತುಂಡಿನಿಂದ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಒರೆಸಿದಳು. ಉಗುರಿನಿಂದ ಒಂದೇ ಒಂದು ಸಲ ಕೆರೆದುಬಿಡೋಣ ಎಂದು ಬೆರಳು ತುರಿಸುತ್ತಿತ್ತು. ಕೆರೆಯಲಿಲ್ಲ. ಇಷ್ಟು ತಾಳ್ಮೆಯಿಂದ ಅವಳು ಹೋಂವರ್ಕ್ ಕೂಡ ಮಾಡಿದ್ದಿಲ್ಲ.

ಕಂಪ್ಯೂಟರ್ ಹಾಲಿನಲ್ಲೇ ಇತ್ತು, ಅಮ್ಮ ಹೆಣೆದ ಬಿಳಿ ಲೇಸಿನ ಹೊದಿಕೆ ಹೊದ್ದುಕೊಂಡು. ಮರುದಿನ ಯಾರೂ ಇಲ್ಲದ ಹೊತ್ತು ನೋಡಿ ಸಿಡಿ ಹಾಕಿದಳು. ಅದು ಗರಗರ ಎಂದಿತು. ಚಿತ್ರ ಬಂತು, ಚೌಕಚೌಕವಾಗಿ ಒಡೆದು ನಿಂತುಹೋಯಿತು. ಮತ್ತೆ ಬಚ್ಚಲು, ಮತ್ತೆ ಬೋಗುಣಿ, ಮತ್ತೆ ಒಣಗಿಸುವ ಕೆಲಸ. ಅದರ ಮರುದಿನ ಹಾಕಿದಾಗ ಚಿತ್ರ ನಿಲ್ಲಲಿಲ್ಲ. ಪರದೆಯ ಮೇಲೆ ಅಜ್ಜಿ! ಕೈಯಲ್ಲಿ ಕರವಸ್ತ್ರ ಬೀಸುತ್ತ, ಸೊಂಟ ನೋವನ್ನೆಲ್ಲ ಮರೆತು ಕುಣಿಯುತ್ತಿದ್ದಾಳೆ. ಮದುವೆ ಮುಗಿದ ಕೆಲವು ತಿಂಗಳಿಗೆ ಅಜ್ಜಿ ತೀರಿಕೊಂಡಿದ್ದಳು. ಅಷ್ಟರಲ್ಲಿ ಅಕ್ಕನ ಚಪ್ಪಲಿ ಸದ್ದು ಕೇಳಿ ಸಿಡಿ ತೆಗೆದು ಅಡಗಿಸಿದಳು.

“ಕನ್ನಡಿ ತರ ಹೊಳೀತಿದೆ ಕಣೇ. ಒಂದು ಗೀರೂ ಇಲ್ಲ!” ಎಂದು ಎಲ್ಹಾಮ್ ಮುಂದೆ ಜಂಬ ಕೊಚ್ಚಿಕೊಂಡಳು. ಎಲ್ಹಾಮ್ ಮೂತಿ ತಿರುವಿದಳು.

ನೌರೋಜ್ ಬಂತು. ಮರುದಿನದಿಂದಲೇ ನೆಂಟರ ಸಾಲು. ಮೊದಲು ಬಂದವರು ಅಮ್ಮನ ಅಕ್ಕ, ಖಾಲೆ ಮಲಿಹೆ. ಅವರು ಪಿಸ್ತಾ ಬಿಡಿಸುತ್ತ ಬಿಡಿಸುತ್ತ ಮನೆಯವರ ಬಾಯಿಯನ್ನೂ ಬಿಡಿಸಬಲ್ಲವರು.

“ಬೆಹ್ರೂಜ್ ಎಲ್ಲಿ? ಹಬ್ಬಕ್ಕೂ ಬರಲಿಲ್ವಾ?”

“ರಜೆ ಸಿಗಲಿಲ್ಲ” ಎಂದ ಅಪ್ಪ, ಕಿತ್ತಳೆ ಹಣ್ಣಿನ ತಟ್ಟೆ ಮುಂದೆ ಸರಿಸುತ್ತ. “ತಗೊಳ್ಳಿ, ತಗೊಳ್ಳಿ.”

“ಅದೆಂಥ ಕಂಪನೀನೋ! ಹೊಸ ಮದುವೆ ಗಂಡಿಗೆ ರಜೆ ಕೊಡಲ್ಲ ಅಂದ್ರೆ.”

ಎಲ್ಲರೂ ಕೂತಿದ್ದಾರೆ. ಅಕ್ಕ ಚಹಾ ಮಾಡಲು ಒಳಗೆ ಹೋಗಿದ್ದಾಳೆ. ಇದೇ ಸರಿಯಾದ ಹೊತ್ತು ಎನಿಸಿತು ಮೀನೂಗೆ. ಲೇಸು ತೆಗೆದು ಕಂಪ್ಯೂಟರ್ ಹಚ್ಚಿದಳು.

“ಏನೇ ಅದು?” ಎಂದಳು ಅಮ್ಮ.

“ಸರ್ಪ್ರೈಸ್!”

ಹಾಡು ಮೊಳಗಿತು. ಪರದೆಯ ತುಂಬ ಅಕ್ಕ, ಬಿಳಿ ಉಡುಪಿನಲ್ಲಿ. ಬೆಹ್ರೂಜ್ ಭಾವ ಶಾಸ್ತ್ರದಂತೆ ಕಿರುಬೆರಳನ್ನು ಜೇನಿನಲ್ಲಿ ಅದ್ದಿ ಅವಳ ಬಾಯಿಗಿಡುತ್ತಿದ್ದಾನೆ. ಅವಳು ಬೆರಳು ಕಚ್ಚಿದಳು, ಅವನು ಹೋ ಎಂದು ಕೂಗಿದ, ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕ ನಗುತ್ತಿದ್ದಳು, ಆ ಮೊದಲಿನ ನಗು.

ಬಾಗಿಲಲ್ಲಿ ಚಹಾ ಟ್ರೇ ಹಿಡಿದು ಅಕ್ಕ ನಿಂತಿದ್ದಳು. ಮೀನೂ ಅವಳ ಮುಖವನ್ನೇ ನೋಡಿದಳು. ಈಗ ನಗುತ್ತಾಳೆ, ಈಗ ನಗುತ್ತಾಳೆ ಎಂದು ಕಾದಳು. ಅಕ್ಕ ನಗಲಿಲ್ಲ. ಪರದೆಯ ಕಡೆ ತಿರುಗದೆ ಒಬ್ಬೊಬ್ಬರಿಗೂ ಚಹಾ ಕೊಟ್ಟಳು. ಖಾಲೆ, “ಎಂಥ ಜೋಡಿ! ಯಾರ ಕಣ್ಣೂ ತಾಗದಿರಲಿ. ಯಾವಾಗ ಬರ್ತಾನಂತೆ ನಿನ್ನ ಗಂಡ?” ಎಂದು ಕೇಳಿದಾಗ, “ಸಕ್ಕರೆ ತಗೊಳ್ಳಿ ಖಾಲೆ” ಎಂದು ಹೇಳಿ ಒಳಗೆ ಹೋದಳು.

ಅಪ್ಪ ನೆಲ ನೋಡುತ್ತಿದ್ದ. ಖಾಲೆ ಮಾತ್ರ ಅಮ್ಮನ ಮುಖ, ಅಪ್ಪನ ಮುಖ, ಪರದೆ ಮೂರನ್ನೂ ಸರದಿಯಂತೆ ನೋಡುತ್ತಿದ್ದರು. ಅವರ ಪಿಸ್ತಾ ಕೈಯಲ್ಲೇ ಇತ್ತು.

ಅವರು ಹೊರಟದ್ದೇ ತಡ, ಅಮ್ಮ ಮೀನೂಳ ತೋಳು ಹಿಡಿದಳು. “ಯಾರು ಹೇಳಿದ್ರು ನಿಂಗೆ ಅದನ್ನ ತೆಗಿ ಅಂತ?”

“ನೀನೇ ಹೇಳಿದ್ದೆ. ಒಂದು ಚೂರು ಕೊಳೆ ಕೂಡ ಹೊಸ ವರ್ಷಕ್ಕೆ ದಾಟಬಾರದು ಅಂತ.”

ಅಮ್ಮನ ಕೈ ಸಡಿಲವಾಯಿತು. ಅವಳು ಪಿಸ್ತಾ ಸಿಪ್ಪೆಗಳನ್ನು ಗುಡಿಸತೊಡಗಿದಳು.

ಅಡುಗೆಮನೆಯಲ್ಲಿ ಅಕ್ಕ ಲೋಟ ತೊಳೆಯುತ್ತಿದ್ದಳು. ಆಗಲೇ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು.

“ಅಕ್ಕಾ, ನಿಂಗೆ ಇಷ್ಟ ಆಗ್ಲಿಲ್ವಾ?”

ಅಕ್ಕ ನಲ್ಲಿ ನಿಲ್ಲಿಸಿದಳು. “ಹೇಗೆ ತೊಳೆದೆ ಅದನ್ನ? ಅಷ್ಟು ಪಾಕ ಇತ್ತಲ್ಲ.”

ಮೀನೂ ಎಲ್ಲವನ್ನೂ ಹೇಳಿದಳು. ಉಗುರುಬೆಚ್ಚಗಿನ ನೀರು, ಒಂದೇ ಹನಿ ಸೋಪು, ನಡುವಿನಿಂದ ಅಂಚಿಗೆ.

“ಎಷ್ಟು ಕಷ್ಟಪಟ್ಟಿದ್ದೀಯ. ನಿನ್ನ ಕೈ ನೋಯದಿರಲಿ” ಎಂದಳು ಅಕ್ಕ.

“ಪಾಕ ಹೇಗೆ ಚೆಲ್ತು ಅಕ್ಕಾ?”

“ಚೆಲ್ಲಲಿಲ್ಲ. ನಾನೇ ಸುರಿದೆ.”

“ಭಾವ ದಕ್ಷಿಣದಿಂದ ಬಂದ್ರೆ ಬೈಯಲ್ವಾ?” ಎಂದಳು ಮೀನೂ.

“ಅವನು ದಕ್ಷಿಣಕ್ಕೂ ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ. ಅರಾಕ್‌ನಲ್ಲೇ ಇದ್ದಾನೆ, ಅದೇ ಮನೇಲಿ. ನಾನು ವಾಪಸ್ ಹೋಗಲ್ಲ, ಅಷ್ಟೆ. ಅದನ್ನ ನೆಂಟರ ಮುಂದೆ ಹೇಳೋಕೆ ಅಪ್ಪನಿಗೆ ನಾಚಿಕೆ.”

“ಭಾವ ಒಳ್ಳೆಯವನಲ್ವಾ? ಜೇನು ತಿನ್ನಿಸ್ತಿದ್ನಲ್ಲ?”

“ಸಿಡಿಯಲ್ಲಿ ಒಳ್ಳೆಯವನು” ಎಂದಳು ಅಕ್ಕ.

ಮೀನೂ ಮೆಲ್ಲಗೆ ಕೇಳಿದಳು. “ಮುರಿದು ಬಿಸಾಕಬಹುದಿತ್ತಲ್ಲ?”

“ಅಜ್ಜಿ ಇದ್ದಾಳಲ್ಲೇ ಅದರಲ್ಲಿ. ಮುರಿಯೋಕೂ ಆಗಲಿಲ್ಲ, ನೋಡೋಕೂ ಆಗಲಿಲ್ಲ.”

ಮೀನೂಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಅಪ್ಪನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ಉಗ್ರಾಣದ ಜಾಡಿಗಳಿಗೂ ಗೊತ್ತಿತ್ತು. ತನಗೊಬ್ಬಳಿಗೆ ದಕ್ಷಿಣದ ಕತೆ ಹೇಳಿ ಮಲಗಿಸಿಬಿಟ್ಟಿದ್ದರು. ಮೊದಲೇ ಹೇಳಿದ್ದರೆ ಅವಳು ಆ ಸಿಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ಸಿಡಿಯನ್ನು ಒಂದು ಲಕೋಟೆಗೆ ಹಾಕಿ ತನ್ನ ಪುಸ್ತಕಗಳ ಅಡಿಯಲ್ಲಿಟ್ಟಳು.

ಖಾಲೆ ಮಲಿಹೆ ಸುಮ್ಮನಿರುವವರಲ್ಲ. ಅವರು ಹೋದ ಮನೆಗಳಲ್ಲೆಲ್ಲ, “ನಸ್ತರನ್ ಮದುವೆ ಫಿಲಂ ನೋಡಿದ್ವಿ, ಆ ಹುಡುಗಿ ಮಾತ್ರ ಯಾಕೋ ಮುಖ ಊದಿಸಿಕೊಂಡಿತ್ತು” ಎಂದು ಬಿತ್ತಿ ಬಂದಿದ್ದರು. ಮೂರನೆಯ ದಿನ ಪಕ್ಕದ ಮನೆಯ ಎಲ್ಹಾಮ್, ಅವಳ ತಾಯಿ ಜೆಹ್ರಾ ಖಾನುಮ್ ಮತ್ತು ತಂದೆ ಹೊಸ ವರ್ಷದ ಶುಭಾಶಯ ಹೇಳಲು ಬಂದರು.

ಕೂತು ಚಹಾ ಬರುವ ಮೊದಲೇ ಜೆಹ್ರಾ ಖಾನುಮ್ ಶುರುಮಾಡಿದರು. “ಮದುವೆ ಫಿಲಂ ಸಿಕ್ತಂತೆ? ನಮಗೂ ಹಾಕಿ. ನಾವೂ ಕಣ್ತುಂಬ ನೋಡ್ತೀವಿ.”

“ಆಮೇಲೆ ನೋಡಿದ್ರಾಯ್ತು” ಎಂದ ಅಪ್ಪ. “ಮೊದಲು ಸಿಹಿ ತಗೊಳ್ಳಿ.”

“ಸಿಹಿ ತಿಂತಾನೇ ನೋಡ್ತೀವಿ. ಏನು, ಪಕ್ಕದ ಮನೆಯವರು ಅಂದ್ರೆ ಪರಕೀಯರಾ?”

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಅಪ್ಪನ ಕಡೆ ನೋಡಿದಳು. ಮನೆಗೆ ಬಂದವರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ಇಬ್ಬರಿಗೂ ಈ ಜನ್ಮದಲ್ಲಿ ಬರುವಂಥದ್ದಲ್ಲ. ಒಳಗೆ ಲೋಟಗಳ ಸದ್ದು ನಿಂತುಹೋದದ್ದು ಮೀನೂಗೆ ಕೇಳಿಸಿತು. ಅಕ್ಕ ಬಾಗಿಲ ಹಿಂದೆಯೇ ಇದ್ದಳು. ಎಲ್ಹಾಮ್‌ಳ ತಂದೆ ಆಗಲೇ ಕುರ್ಚಿಯನ್ನು ಕಂಪ್ಯೂಟರ್ ಕಡೆ ತಿರುಗಿಸಿಕೊಂಡಿದ್ದರು.

“ಮೀನೂ ಜಾನ್, ನೀನಾದ್ರೂ ತಗೊಂಡು ಬಾ” ಎಂದರು ಜೆಹ್ರಾ ಖಾನುಮ್.

ಮೀನೂ ಎದ್ದು ನಿಂತಳು.

“ಆಗಲ್ಲ ಖಾನುಮ್. ಸಿಡಿ ಹಾಳಾಗಿದೆ.”

“ಸುಳ್ಳು!” ಎಂದು ಎಲ್ಹಾಮ್ ಹಾರಿದಳು. “ಕನ್ನಡಿ ತರ ಹೊಳೀತಿದೆ ಅಂತ ನೀನೇ ಹೇಳಿದ್ದೆ. ಒಂದು ಗೀರೂ ಇಲ್ಲ ಅಂದಿದ್ದೆ.”

“ಆಗ ಇರಲಿಲ್ಲ. ಆಮೇಲೆ ಇನ್ನೂ ಹೊಳೀಲಿ ಅಂತ ಮತ್ತೆ ತೊಳೆದೆ.”

“ಏನು ಹಾಕಿ ತೊಳೆದೆ?”

ಮೀನೂ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. “ಪಾತ್ರೆ ಉಜ್ಜೋ ಸ್ಟೀಲ್ ನಾರು” ಎಂದಳು. “ಗುಂಡಗೆ ಉಜ್ಜಿದೆ. ಹೆಸರಿರೋ ಕಡೆನೂ ಉಜ್ಜಿದೆ. ಎಲ್ಲ ಕಿತ್ತುಹೋಯ್ತು. ಇನ್ನು ಯಾವತ್ತೂ ಓಡಲ್ಲ.”

ಎಲ್ಹಾಮ್‌ಳ ತಂದೆ ಗೊಳ್ಳೆಂದು ನಕ್ಕರು. “ಸ್ಟೀಲ್ ನಾರಲ್ಲಿ ಸಿಡಿ! ಭೇಷ್! ಮುಂದೆ ಎಂಜಿನಿಯರ್ ಆಗ್ತಾಳೆ ನಿಮ್ಮ ಮಗಳು.”

“ನಾನು ಹೇಳಿರ್ಲಿಲ್ವಾ, ನಿನ್ನ ಕೈಲಿ ಆಗಲ್ಲ ಅಂತ?” ಎಂದಳು ಎಲ್ಹಾಮ್. ಅವಳ ಮುಖ ಅರಳಿತ್ತು. “ಶಾಲೆ ಶುರುವಾಗ್ಲಿ, ಟೀಚರ್‌ಗೆ ಹೇಳ್ತೀನಿ.”

ಬೋಗುಣಿ, ಬನಿಯನ್ ತುಂಡು, ಒಂದು ಸಲವೂ ಕೆರೆಯದ ಉಗುರು ಎಲ್ಲ ಮೀನೂಳ ನಾಲಿಗೆಯ ತುದಿಗೆ ಬಂದವು. ಅವಳು ಬಾಯಿ ಬಿಗಿಹಿಡಿದು ನಿಂತಳು. ಅಪ್ಪ ಅವಳನ್ನೇ ನೋಡುತ್ತಿದ್ದ. ಆಮೇಲೆ ಕಣ್ಣು ತಗ್ಗಿಸಿದ.

ಅಕ್ಕ ಟ್ರೇ ಹಿಡಿದು ಹೊರಗೆ ಬಂದಳು.

“ಪಾಪ, ಇದ್ದದ್ದು ಅದೊಂದೇ ಅಂತೆ” ಎಂದರು ಜೆಹ್ರಾ ಖಾನುಮ್. “ನಾನಾಗಿದ್ರೆ ಕಿವಿ ಕಿತ್ತುಬಿಡ್ತಿದ್ದೆ. ನೀನು ಬೈಯಲಿಲ್ವಾ ನಸ್ತರನ್?”

“ಬೈದು ಏನು ಮಾಡೋದು?” ಎಂದಳು ಅಕ್ಕ. “ಚಿಕ್ಕವಳು. ಅವಳಿಗೇನು ಗೊತ್ತಾಗುತ್ತೆ?”

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಮೀನೂ ಕೂಡ ತಲೆಯಾಡಿಸಿದಳು. ಟ್ರೇ ಅವಳ ಮುಂದೆ ಬಂದಾಗ ಅಕ್ಕ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು, ಲೋಟಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಮೀನೂ ತನ್ನ ಲೋಟ ತೆಗೆದುಕೊಂಡು, ತುಟಿ ಸುಡುವಷ್ಟು ಬಿಸಿಯಿದ್ದರೂ, ತಲೆಯೆತ್ತದೆ ಕುಡಿಯತೊಡಗಿದಳು.